ಹೊರಗೆ ಕಳಿಸುವ ವಿದ್ಯೆ

ನಮ್ಮ ಮೇಡಂ ತೀರಿಕೊಂಡ ಮೇಲೆ ತುಮಕೂರಿನ ಸದಾಶಿವನಗರದಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಕುಟುಂಬ ಯೋಜನೆಯ ಮಹಾನ್ ಸೇವಕಿ ಎಂದು ಕೊಂಡಾಡಿದರು. ಒಬ್ಬರಂತೂ ಈ ಜಿಲ್ಲೆಯಲ್ಲಿ ಹುಟ್ಟದೆ ಉಳಿದ ಮಕ್ಕಳೆಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸಿಯೇಬಿಟ್ಟರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದವರು ನಾನು ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದರು.

ಕುಟುಂಬ ಯೋಜನೆ ಮೇಡಂ ಆರಿಸಿಕೊಂಡ ಕೆಲಸವೇ ಅಲ್ಲ. ಅದು ಅವರಿಗೆ ಶಿಕ್ಷೆಯಾಗಿ ಬಂದದ್ದು. ಅವರಿಗೆ ನಿಜವಾಗಿ ಬರುತ್ತಿದ್ದ ವಿದ್ಯೆ ಒಂದೇ: ಜನರನ್ನು ಕೋಣೆಯಿಂದ ಹೊರಗೆ ಕಳಿಸುವುದು. ಅದನ್ನೇ ನಮಗೆ ಕಲಿಸಿದರು, ಅದರಿಂದಲೇ ಕೆಟ್ಟರು. ಸಭೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ. ಹಾಗಾಗಿ ನಾನು ಹೇಳುತ್ತೇನೆ.

ಎಂಬತ್ತರ ದಶಕದ ಆರಂಭ. ನಾನು ಊರ್ಡಿಗೆರೆಯ ಹುಡುಗಿ, ಎಸ್ಸೆಸ್ಸೆಲ್ಸಿ ಮುಗಿಸಿ ಹಳ್ಳಿ ನರ್ಸಮ್ಮನಾಗುವ ತರಬೇತಿಗೆ ತುಮಕೂರಿಗೆ ಬಂದು ಸೇರಿದ್ದೆ. ನಮ್ಮದು ಒಂದು ಸಣ್ಣ ತರಬೇತಿ ಶಾಲೆ, ಅದಕ್ಕೆ ಅಂಟಿಕೊಂಡಂತೆ ಹಾಸ್ಟೆಲ್, ಪಕ್ಕದಲ್ಲೇ ಆಸ್ಪತ್ರೆ. ಬಿಳಿ ಸೀರೆ ಉಡಲು ಬರದೆ ಮೊದಲ ತಿಂಗಳೆಲ್ಲ ಎಡವಿಕೊಂಡೇ ಓಡಾಡಿದೆವು. ಮೇಡಂ ಅಲ್ಲಿನ ದೊಡ್ಡ ಡಾಕ್ಟರು. ನಮಗೆ ಪಾಠ, ಹಾಸ್ಟೆಲಿನ ಯಜಮಾನಿಕೆ, ಬೈಗುಳ ಮೂರೂ ಅವರಿಂದಲೇ.

ಆ ಕಾಲದ ಆರೋಗ್ಯ ಇಲಾಖೆಗೆ ಹೆಣ್ಣುಮಕ್ಕಳು ಎರಡೇ ಹೊತ್ತಿನಲ್ಲಿ ಕಣ್ಣಿಗೆ ಬೀಳುತ್ತಿದ್ದರು. ಕೂಸಾಗಿದ್ದಾಗ ಚುಚ್ಚುಮದ್ದಿಗೆ, ಮದುವೆಯಾದ ಮೇಲೆ ಬಸಿರಿಗೆ. ನಡುವಿನ ವರ್ಷಗಳಲ್ಲಿ ಅವರನ್ನು ಅಟ್ಟದ ಮೇಲೆ ಎತ್ತಿಟ್ಟಿರುತ್ತಾರೆಂದು ಇಲಾಖೆ ನಂಬಿತ್ತೋ ಏನೋ. ಹದಿನೈದರ ಹುಡುಗಿಯನ್ನು ಮಕ್ಕಳ ವಾರ್ಡಿನಲ್ಲಿ ಮಲಗಿಸಿದರೆ ಕಾಲು ಮಂಚದಿಂದ ಆಚೆ ಬರುತ್ತಿತ್ತು. ಹೆಂಗಸರ ವಾರ್ಡಿಗೆ ಹಾಕಿದರೆ ಪಕ್ಕದ ಮಂಚದವರು ಮೊದಲು ಕೊರಳು ನೋಡಿ, ಆಮೇಲೆ ಹೊಟ್ಟೆ ನೋಡಿ, ಆಮೇಲೆ ಅವಳ ಅಮ್ಮನ ಮುಖ ನೋಡುತ್ತಿದ್ದರು. ಹುಡುಗರ ವಿಷಯ ಇನ್ನೂ ಸಲೀಸು. ಅವರಿಗೆ ಆ ವಯಸ್ಸಿನಲ್ಲಿ ಏನೂ ಆಗುವುದಿಲ್ಲ ಎಂದು ತೀರ್ಮಾನವಾಗಿತ್ತು.

ಹೀಗಿರುವಾಗ ಬೆಂಗಳೂರಿನಲ್ಲಿ ಯಾರಿಗೋ ಹದಿಹರೆಯ ನೆನಪಾಯಿತು. ನರ್ಸುಗಳಿಗೆ ಹದಿಹರೆಯದವರ ಆರೈಕೆ ಕಲಿಸಿ ನೋಡಿ, ಸರಿಹೋದರೆ ಮುಂದುವರಿಸೋಣ ಎಂದು ನಮ್ಮ ಶಾಲೆಗೆ ಆದೇಶ ಬಂತು. ಜೊತೆಗೆ ಚಿತ್ರಪಟಗಳ ಒಂದು ಕಟ್ಟು. ಮೊದಲ ಪಟದಲ್ಲಿ ಹುಡುಗಿಯೊಬ್ಬಳು ಸೊಪ್ಪು ತಿನ್ನುತ್ತಿದ್ದಳು, ಹುಡುಗನೊಬ್ಬ ಬಸ್ಕಿ ಹೊಡೆಯುತ್ತಿದ್ದ. ಮುಂದಿನ ಪಟದಲ್ಲೂ ಹುಡುಗಿ ಸೊಪ್ಪು ತಿನ್ನುತ್ತಲೇ ಇದ್ದಳು. ಕೊನೆಯ ಪಟದಲ್ಲಿ ಇಬ್ಬರೂ ಹಿರಿಯರ ಕಾಲಿಗೆ ಬೀಳುತ್ತಿದ್ದರು. ಅಲ್ಲಿಗೆ ಹದಿಹರೆಯ ಮುಗಿಯಿತು.

ಮೇಡಂ ಆ ಕಟ್ಟನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿ ಬೀರುವಿನ ಹಿಂದೆ ಇಟ್ಟರು. "ಸೊಪ್ಪು ತಿನ್ನಿ ಅಂತ ಹೇಳಕ್ಕೆ ನೀವ್ಯಾಕ್ರೇ ಬೇಕು? ಅದನ್ನ ಅವರಜ್ಜಿ ಹೇಳ್ತಾಳೆ" ಅಂದರು. ಆ ಪಾಠ ಬರಲಿ ಎಂದು ವರ್ಷಗಟ್ಟಲೆ ಮೇಲಿನವರ ತಲೆ ತಿಂದವರು ಅವರೇ ಎಂದು ನಮಗೆ ಆಮೇಲೆ ತಿಳಿಯಿತು.

ಅದಕ್ಕೆ ಕಾರಣವನ್ನು ಒಂದೇ ಒಂದು ಸಲ ಹೇಳಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಎಪ್ಪತ್ತರ ದಶಕದಲ್ಲಿ, ಒಬ್ಬ ಹುಡುಗಿಯನ್ನು ಚಿಕ್ಕಮ್ಮ ಕರೆದುಕೊಂಡು ಬಂದಿದ್ದಳಂತೆ. ಹೊಟ್ಟೆನೋವು ಎಂದು ಚಿಕ್ಕಮ್ಮ ಹೇಳಿದಳು. ಎಷ್ಟು ದಿನದಿಂದ ಎಂದರೆ ಚಿಕ್ಕಮ್ಮ ಹೇಳಿದಳು. ಎಲ್ಲಿ ನೋವು ಎಂದರೂ ಚಿಕ್ಕಮ್ಮನೇ ತನ್ನ ಹೊಟ್ಟೆ ಮುಟ್ಟಿ ತೋರಿಸಿದಳು. ಮೇಡಂ ಔಷಧಿ ಕೊಟ್ಟು ಕಳಿಸಿದರು. ಹುಡುಗಿ ಮಾರನೇ ದಿನ ಬಾವಿಗೆ ಬಿದ್ದಳು. "ಆ ಮಗು ದನಿ ಹೇಗಿತ್ತು ಅಂತ್ಲೇ ನಂಗೆ ಗೊತ್ತಿಲ್ಲ ಕಣ್ರೇ" ಅಂದು ಮೇಡಂ ಕಿಟಕಿಯ ಕಡೆ ತಿರುಗಿದ್ದರು. ಆಮೇಲೆ ತಕ್ಷಣ ಯಾರೋ ಒಬ್ಬಳನ್ನು ಜಡೆ ಸರಿಯಿಲ್ಲವೆಂದು ಬೈದರು.

ಹಾಗಾಗಿ ಅವರ ಪಾಠದ ಮೊದಲ ಅಧ್ಯಾಯ ಚಿಕ್ಕಮ್ಮನನ್ನು ಹೊರಗೆ ಕಳಿಸುವುದು. ಕೊನೆಯ ಅಧ್ಯಾಯವೂ ಅದೇ.

ನಮ್ಮ ಕಡೆ ಹುಡುಗಿಯೊಬ್ಬಳು ಆಸ್ಪತ್ರೆಗೆ ಬಂದರೆ ಒಬ್ಬಳೇ ಬರುವುದಿಲ್ಲ. ಅಮ್ಮ, ಅತ್ತೆ, ಅಜ್ಜಿ, ಪೇಟೆ ನೋಡಿದ ಹಾಗಾಯಿತು ಎಂದು ಹೊರಟ ಪಕ್ಕದ ಮನೆಯವರು, ಎಲ್ಲರೂ ಬರುತ್ತಾರೆ. ರೋಗಿ ಯಾರು ಎಂದು ಪತ್ತೆಮಾಡುವ ಸುಲಭ ದಾರಿ ಎಂದರೆ ಮಾತಾಡದೆ ಇರುವವಳನ್ನು ಹುಡುಕುವುದು. ಅಪ್ಪಂದಿರು ಒಳಗೆ ಬರುವುದಿಲ್ಲ, ಹೊರಗೆ ಬೀಡಿ ಸೇದುತ್ತ ಕಿಟಕಿಯಿಂದಲೇ ಉತ್ತರ ಕೂಗುತ್ತಾರೆ. ಇವರನ್ನೆಲ್ಲ ಮನಸ್ಸು ನೋಯಿಸದೆ ಸಾಗಹಾಕುವುದು ಸಣ್ಣ ಕೆಲಸವಲ್ಲ. "ನೀವು ಹೊರಗೆ ಹೋಗಿ ಅಂದ್ರೆ ಸಾಯೋವರ್ಗೂ ಹೋಗಲ್ಲ. ನೆಪ ಬೇಕು ಕಣ್ರೇ, ನೆಪ!" ಎಂದು ಮೇಡಂ ಮೇಜು ಗುದ್ದುತ್ತಿದ್ದರು.

ಅವರ ನೆಪಗಳನ್ನು ನೆನೆದರೆ ಈಗಲೂ ಹೊಟ್ಟೆ ಹುಣ್ಣಾಗುವಂತೆ ನಗು ಬರುತ್ತದೆ. ಅಮ್ಮಂದಿರಿಗೆ ಚೀಟಿಗೆ ಸೀಲು ಹಾಕಿಸಿಕೊಂಡು ಬನ್ನಿ ಅನ್ನುವುದು. ಸೀಲು ಹಾಕುವವನಿಗೆ ನಿಧಾನ ಮಾಡು ಎಂದು ಮೊದಲೇ ಹೇಳಿರುತ್ತಿದ್ದರು. ಆದರೆ ಅವನಿಗೆ ಆ ಮಾತನ್ನು ಹೇಳುವ ಅಗತ್ಯವೇನೂ ಇರಲಿಲ್ಲ. ಅತ್ತೆಯಂದಿರಿಗೆ ಹುಡುಗಿಗೆ ಕುಡಿಯಲು ಬಿಸಿನೀರು ತರುವ ಕೆಲಸ. ಅಜ್ಜಿಯಂದಿರದ್ದು ಕಷ್ಟ, ಅವರು ನೆಲಕ್ಕೆ ಅಂಟಿಕೊಂಡು ಕೂರುತ್ತಾರೆ. ಅವರಿಗೆ ಮೇಡಂ ಮೆಲ್ಲಗೆ ಕೇಳುತ್ತಿದ್ದರು, "ಮಂಡಿ ಹೇಗಿದೆ ಅಜ್ಜಿ?" ಮಂಡಿನೋವಿಲ್ಲದ ಅಜ್ಜಿಯನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಪಕ್ಕದ ಕೋಣೆಯ ಡಾಕ್ಟರ ಹತ್ತಿರ ಕಳಿಸಿದರೆ ಅಜ್ಜಿ ಮಂಡಿಯಿಂದ ಶುರುಮಾಡಿ ಸೊಸೆಯವರೆಗೆ ಹೋಗಿ ಬರುವಷ್ಟರಲ್ಲಿ ನಮ್ಮ ಕೆಲಸ ಮುಗಿದಿರುತ್ತಿತ್ತು. ಆ ಡಾಕ್ಟರು ಕೊನೆಗೆ ಮೇಡಂ ಜೊತೆ ಮಾತು ಬಿಟ್ಟರು.

ಒಂದು ಸಲ ಕುಣಿಗಲ್ಲಿನ ಆಸ್ಪತ್ರೆಗೆ ನಮ್ಮನ್ನು ಕರೆದುಕೊಂಡು ಹೋಗಿದ್ದಾಗ ಕಡ್ಡಿಯಂಥ ಹುಡುಗಿಯೊಬ್ಬಳನ್ನು ಕರೆತಂದರು. ಊಟ ಬಿಟ್ಟಿದ್ದಾಳೆ, ಗಾಳಿ ಸೋಕಿದೆ ಎಂದು ಮನೆಯವರ ವಾದ. ಅಮ್ಮ, ಅತ್ತೆ, ಅಜ್ಜಿ ಮೂವರನ್ನೂ ಮೇಡಂ ಸರಸರ ಸಾಗಿಸಿದರು. ಪಕ್ಕದ ಮನೆಯ ಹೆಂಗಸು ಮಾತ್ರ ಜಗ್ಗಲಿಲ್ಲ. "ನಾನ್ಯಾಕ್ ವೋಗ್ಲಿ? ನಂಗೇನ್ ಕಾಯ್ಲೆನಾ?" ಅಂದಳು. ಮೇಡಂ ಅವಳ ಕಣ್ಣರೆಪ್ಪೆ ಎಳೆದು ನೋಡಿ, "ಅಯ್ಯೋ, ಇದೇನಮ್ಮಾ ಹೀಗಿದೆ? ಹೋಗಿ, ಮೊದ್ಲು ಪಕ್ಕದ ಕೋಣೇಲಿ ತೋರಿಸ್ಕೊಳಿ" ಅಂದರು. ಆಯಮ್ಮ ಚಪ್ಪಲಿ ಬಿಟ್ಟು ಓಡಿದಳು. ಆಮೇಲೆ ಹುಡುಗಿ ಹೇಳಿದ್ದು ಇಷ್ಟು. ಅವಳ ಅಕ್ಕನಿಗೆ ದೊಡ್ಡವಳಾದ ಕೂಡಲೇ ಸ್ಕೂಲು ಬಿಡಿಸಿದ್ದರು. ಉಣ್ಣದೆ ಒಣಗಿದರೆ ದೊಡ್ಡವಳಾಗುವುದು ತಡವಾಗುತ್ತದೆ ಎಂದು ಯಾರೋ ಹೇಳಿದ್ದರು. ಇವಳಿಗೆ ಏಳನೇ ಕ್ಲಾಸು ಮುಗಿಸಬೇಕಿತ್ತು. ಗಾಳಿಗೀಳಿ ಏನೂ ಅಲ್ಲ, ಲೆಕ್ಕಾಚಾರ. ಸೊಪ್ಪು ತಿನ್ನುವ ಪಟ ತೋರಿಸಿದ್ದರೆ ಆ ಹುಡುಗಿ ನಮ್ಮನ್ನು ನೋಡಿ ನಗುತ್ತಿದ್ದಳು.

ಕೇಳಿದ ಮೇಲೆ ಸುಮ್ಮನಿರಬೇಕು ಅನ್ನುವುದು ಅವರ ಇನ್ನೊಂದು ಪಾಠ. "ಒಂದ್ ಸಲ ಕೇಳಿ, ಬಾಯಿ ಮುಚ್ಕೊಂಡು ಕೂತ್ಕೊಳಿ. ಮೌನ ತಡೆಯಕ್ಕಾಗ್ದೆ ನೀವೇ ಉತ್ತರ ಹೇಳ್ಬೇಡಿ." ಇದನ್ನು ಅವರು ಉಸಿರು ತೆಗೆದುಕೊಳ್ಳದೆ ಒಂದು ಗಂಟೆ ಬೋಧಿಸುತ್ತಿದ್ದರು. ಅವರ ಪಿಸುಮಾತು ಔಷಧಿ ಕೊಡುವ ಕಿಟಕಿಯ ತನಕ ಕೇಳುತ್ತಿತ್ತು. ಹುಡುಗಿಯರ ಗುಟ್ಟು ರಟ್ಟಾಗುವುದೆಂದು ಅವರನ್ನು ನೀರಿನ ಟ್ಯಾಂಕಿನ ಹಿಂದೆ ಕರೆದುಕೊಂಡು ಹೋಗಿ ಮಾತಾಡಿಸುತ್ತಿದ್ದರು.

ಅವರ ದೊಡ್ಡಸ್ತಿಕೆಗಳೂ ಕಡಿಮೆಯಿರಲಿಲ್ಲ. ಗಂಜಿ ಹಾಕಿದ ಸೀರೆ, ನಡೆದರೆ ಸರಬರ ಸದ್ದು. ಹೆರಿಗೆಮನೆಯಲ್ಲಿ ಎಂಥ ಗಳಿಗೆಯಲ್ಲೂ ಹೆದರದವರು ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಿದ್ದರು. ಕ್ಯಾತಸಂದ್ರದ ತಟ್ಟೆ ಇಡ್ಲಿ ತರಿಸಿಕೊಂಡು ತಿಂದು ನಮಗೆ ಮಿತಾಹಾರದ ಪಾಠ ಮಾಡುತ್ತಿದ್ದರು. ಹಾಸ್ಟೆಲಿನ ಶಿಸ್ತನ್ನಂತೂ ಕೇಳಬೇಡಿ. ರಸ್ತೆ ಕಡೆಯ ಕಿಟಕಿಗಳಿಗೆ ಮೊಳೆ ಹೊಡೆಸಿದ್ದರು. ದೊಡ್ಡವರು ಮಾತಾಡುವಾಗ ಬಾಯಿ ತೆಗೆದರೆ ಬಾಗಿಲಾಚೆ ನಿಲ್ಲಬೇಕು. ಹದಿಹರೆಯದವರ ಮಾತನ್ನು ಗೌರವದಿಂದ ಕೇಳುವುದು ಹೇಗೆ ಎಂಬ ಪಾಠದ ನಡುವೆ ಸಂದೇಹ ಕೇಳಿದ ತಪ್ಪಿಗೆ ನಾನೇ ಒಮ್ಮೆ ಹೊರಗೆ ನಿಂತಿದ್ದೆ.

ಇದರಲ್ಲಿ ತಮಾಷೆ ಇದೆ ಎಂದು ಯಾರಿಗೂ ಹೊಳೆಯಲಿಲ್ಲ. ನಾವು ಮೂವತ್ತು ಜನ, ಎಲ್ಲರೂ ಹದಿನೇಳು ಹದಿನೆಂಟರವರು. ಹದಿಹರೆಯ ಅಂದರೆ ಕುಣಿಗಲ್ಲಿನಲ್ಲೋ ಗುಬ್ಬಿಯಲ್ಲೋ ಇರುವ ಬೇರೆ ಹುಡುಗಿಯರಿಗೆ ಬರುವ ಒಂದು ಸ್ಥಿತಿ ಎಂದು ನಾವು ತಿಳಿದಿದ್ದೆವು. ಮೇಡಂ ಕೂಡ ಹಾಗೇ ತಿಳಿದಿದ್ದರು.

ಪಾಠವನ್ನು ನಾಟಕ ಮಾಡಿ ಕಲಿಸುವುದು ಅವರ ಕ್ರಮ. ಗುಬ್ಬಿಯ ಕಮಲ ಯಾವಾಗಲೂ ಚಿಕ್ಕಮ್ಮ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ "ಅಯ್ಯೋ, ನಂ ಹುಡ್ಗೀಗ್ ಏನ್ ಗೊತ್ತಾಯ್ತದೆ, ನಾನ್ ಯೋಳ್ತೀನಿ ಕೇಳಿ" ಎಂದು ಶುರುಮಾಡಿದರೆ ಅಡುಗೆಯವರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ನರ್ಸು. ಅಮೃತೂರಿನ ಸರೋಜ ಎಲ್ಲರಿಗಿಂತ ಗಿಡ್ಡಗಿದ್ದುದರಿಂದ ಅವಳೇ ಹುಡುಗಿ.

ಸರೋಜಳ ಅಕ್ಕ ಆ ವರ್ಷ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮಗು ಉಳಿದಿತ್ತು. ತಿಥಿ ಮುಗಿಸಿಕೊಂಡು ಬರಲು ತಡವಾಯಿತೆಂದು ಮೇಡಂ ಅವಳನ್ನು ಎಲ್ಲರ ಮುಂದೆ ಬೈದರು. ಬಂದ ವಾರವೇ ಬಾಣಂತಿಯ ರಕ್ತಸ್ರಾವದ ಪಾಠ. ಸರೋಜ ಮೊದಲ ಬೆಂಚಿನಲ್ಲಿ ಕೂತು ತಲೆ ಬಗ್ಗಿಸಿ ಬರೆದುಕೊಂಡಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಸೂತಕದ ಮನೆಯಿಂದ ಬಂದವರನ್ನು ಕೆದಕಬಾರದು ಎಂಬ ನಮ್ಮ ಕಡೆಯ ಒಳ್ಳೆಯತನ ಅದು.

ಕೆಲವು ತಿಂಗಳಾದ ಮೇಲೆ, ಪಾಠ ಸರಿಹೋಗಿದೆಯೇ ಎಂದು ನೋಡಲು ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವುದು ಗೊತ್ತಾಯಿತು. ಅವರು ಒಪ್ಪಿದರೆ ಪಾಠ ಉಳಿಯುತ್ತದೆ, ಬೇರೆ ಜಿಲ್ಲೆಗಳಿಗೂ ಹೋಗುತ್ತದೆ. ಇಲ್ಲದಿದ್ದರೆ ಇಲ್ಲ. ಮೇಡಂಗೆ ನಿದ್ದೆ ಹಾರಿತು. ಗೋಡೆಗೆ ಸುಣ್ಣ ಹೊಡೆಸಿದರು. ಬೀರುವಿನ ಹಿಂದಿನ ಚಿತ್ರಪಟಗಳನ್ನು ತೆಗೆದು ಒರೆಸಿ ತೂಗುಹಾಕಿಸಿದರು. ನಾಟಕದಲ್ಲಿ ಹುಡುಗಿಗೆ ಮಾಮೂಲಾಗಿ ಮುಟ್ಟಿನ ಹೊಟ್ಟೆನೋವು ಇರುತ್ತಿತ್ತು. "ಬೇಡ ಬೇಡ, ಸಾಹೇಬ್ರ ಮುಂದೆ ಹೊಟ್ಟೆನೋವು ಬೇಡ. ತಲೆನೋವು ಇರ್ಲಿ" ಎಂದು ಬದಲಾಯಿಸಿದರು.

ಸಾಹೇಬರು ಜೀಪಿನಲ್ಲಿ ಬಂದರು. ಹಾರ ಹಾಕಿಸಿಕೊಂಡರು, ಉಪ್ಪಿಟ್ಟು ಕೇಸರಿಭಾತು ತಿಂದರು, ಹದಿಹರೆಯ ಎಂಬುದು ಬಹಳ ಸೂಕ್ಷ್ಮ ಎಂದು ಸೂಕ್ಷ್ಮವಲ್ಲದಷ್ಟು ಹೊತ್ತು ಮಾತಾಡಿದರು. ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳಿ ತಲೆದೂಗುವುದು ಅವರ ಅಭ್ಯಾಸ. ಆಮೇಲೆ ನಾಟಕ ಶುರುವಾಯಿತು.

ಕಮಲ ಚಿಕ್ಕಮ್ಮನಾಗಿ ಸಾಹೇಬರನ್ನು ನಗಿಸಿದಳು. ನಾನು ಸೀಲಿನ ನೆಪ ಹೇಳಿ ಅವಳನ್ನು ಹೊರಗೆ ಕಳಿಸಿದೆ. ಆಮೇಲೆ ಸರೋಜಳ ಎದುರು ಕೂತು, ಕಲಿತ ಹಾಗೆ ಕೇಳಿದೆ.

"ಏನಮ್ಮಾ ತೊಂದ್ರೆ?"

ಕೇಳಿ ಸುಮ್ಮನಾದೆ. ತಲೆನೋವು ಎಂದು ಬರಬೇಕಾದ ಉತ್ತರ ಬರಲಿಲ್ಲ. ಸರೋಜ ತನ್ನ ಕೈಯನ್ನೇ ನೋಡುತ್ತಿದ್ದಳು. ಮಾತು ಮರೆತಳೇನೋ ಅಂದುಕೊಂಡೆ. ಮೇಡಂ ಹಿಂದಿನಿಂದ ಕೆಮ್ಮಿದರು. ಆಗ ಅವಳು ಬಾಯಿ ತೆಗೆದಳು.

"ನಮ್ಮಕ್ಕ ಸತ್ತೋದ್ಲು. ಭಾವಂಗೆ ನನ್ನ ಕೊಡ್ತಾರಂತೆ. ಸೋಮವಾರ ಅಪ್ಪ ಕರ್ಕೊಂಡೋಗಕ್ಕೆ ಬರ್ತೈತೆ. ಪರೀಕ್ಷೆ ಬರೆಯೋದ್ ಬ್ಯಾಡ್ವಂತೆ."

ಕಣ್ಣಿಂದ ನೀರು ಸುರಿಯಿತು. ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಚಪ್ಪಾಳೆ ತಟ್ಟಿದರು. "ಭೇಷ್! ಎಷ್ಟ್ ನ್ಯಾಚುರಲ್ಲಾಗಿ ಆಕ್ಟ್ ಮಾಡ್ತಾಳೆ ಹುಡುಗಿ!" ಅವರ ಜೊತೆ ಬಂದವರೂ ತಟ್ಟಿದರು. ಅವರು ತಟ್ಟಿದ್ದು ನೋಡಿ ನಮ್ಮವರೂ ಕೆಲವರು ತಟ್ಟಿದರು. ಸಾಹೇಬರಿಗೆ ಉತ್ಸಾಹ ಬಂತು. ತಾವೂ ನಾಟಕದೊಳಗೆ ಇಳಿದು, "ನೋಡಮ್ಮಾ, ಹಿರಿಯರು ಎಲ್ಲಾ ಯೋಚ್ನೆ ಮಾಡೇ ಮಾಡಿರ್ತಾರೆ. ಮಗುಗೂ ಒಂದು ದಿಕ್ಕಾಗತ್ತೆ, ಅಲ್ವಾ? ಆಗತ್ತೆ" ಎಂದು ಶುರುಮಾಡಿದರು.

ಮೇಡಂ ಎದ್ದು ನಿಂತರು. ಅವರ ಮುಖ ನೋಡಿದೆ. ಊರಿಗೆಲ್ಲ ನೆಪ ಕಟ್ಟುತ್ತಿದ್ದ ಆ ಬಾಯಿಗೆ ಆ ಹೊತ್ತಿನಲ್ಲಿ ಒಂದು ನೆಪವೂ ಸಿಗಲಿಲ್ಲ.

"ಸರ್, ನೀವು ಹೊರಗೆ ಹೋಗಿ" ಅಂದರು.

"ನಾನಾ?" ಅಂದರು ಸಾಹೇಬರು.

"ಹೌದು, ನೀವೇ. ಎಲ್ಲಾರೂ ಹೋಗಿ. ನೀನೂ ಹೋಗೇ" ಎಂದು ನನ್ನ ಕಡೆಯೂ ಕೈ ಮಾಡಿದರು. ಸಾಹೇಬರು ಹಾರ ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ಬಿಸಿಲಿಗೆ ನಿಂತರು. ಅವರಿಗೆ ಕುರ್ಚಿ ಹಾಕಬೇಕೆಂಬ ಜ್ಞಾನವೂ ಯಾರಿಗೂ ಉಳಿದಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಜೀಪು ಹತ್ತಿ ಹೋದರು.

ಒಳಗೆ ನಡೆದದ್ದನ್ನು ಸರೋಜ ಆಮೇಲೆ ನನಗೆ ಹೇಳಿದಳು. ಬಾಗಿಲು ಹಾಕಿದ್ದೇ ತಡ ಮೇಡಂ ಭಾಷಣ ಶುರುಮಾಡಿದರಂತೆ. ಹದಿನೆಂಟಾಗಿಲ್ಲ, ಕಾನೂನು ಇದೆ, ಪೊಲೀಸರಿಗೆ ಹೇಳುತ್ತೇನೆ, ನಿಮ್ಮಪ್ಪನನ್ನು ಒಳಗೆ ಹಾಕಿಸುತ್ತೇನೆ, ಹೀಗೆ. ಸರೋಜ ಇನ್ನೂ ಜೋರಾಗಿ ಅತ್ತಳು. ಅಪ್ಪನನ್ನು ಜೈಲಿಗೆ ಹಾಕಿಸಲು ಅವಳು ಅತ್ತಿರಲಿಲ್ಲವಲ್ಲ. ಆಗ ಮೇಡಂ ತಟ್ಟನೆ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಕೂತು, ಬಾಯಿಗೆ ಬೀಗ ಹಾಕಿಕೊಂಡರು. ತುಂಬಾ ಹೊತ್ತಾದ ಮೇಲೆ ಸರೋಜ ಹೇಳಿದಳು, "ಮಗು ಬೇಕು ಮೇಡಂ. ಭಾವ ಬ್ಯಾಡ."

ಸೋಮವಾರ ಬೆಳಿಗ್ಗೆ ಅಮೃತೂರಿನ ಬಸ್ಸಿಗೆ ಅವಳಪ್ಪ ಬಂದ. ಹೆಗಲಿಗೆ ಟವೆಲು, ಕೈಯಲ್ಲಿ ಚೀಲ. ಹಿಂದೆ ಮಗು ಎತ್ತಿಕೊಂಡು ಒಬ್ಬ ಹುಡುಗ. ಮೀಸೆ ಇನ್ನೂ ಸರಿಯಾಗಿ ಕಪ್ಪಾಗಿರಲಿಲ್ಲ. ಅವನೇ ಭಾವ ಎಂದು ತಿಳಿದಾಗ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ನಮ್ಮ ಮನಸ್ಸಿನಲ್ಲಿ ಅಷ್ಟು ಹೊತ್ತಿಗೆ ಅವನಿಗೆ ಗಿರಿಜಾಮೀಸೆ ಬಂದಾಗಿತ್ತು.

ಮೇಡಂ ಸರೋಜಳ ಅಪ್ಪನನ್ನು ಗುಮಾಸ್ತರ ಹತ್ತಿರ ಸಹಿ ಹಾಕಿ ಬನ್ನಿ ಎಂದು ಕಳಿಸಿದರು. ಯಾವ ಸಹಿ ಎಂದು ಗುಮಾಸ್ತರಿಗೂ ಗೊತ್ತಿರಲಿಲ್ಲ. ಮಗುವನ್ನು ತೂಗು ಎಂದು ನನ್ನ ಕೈಗೆ ಕೊಟ್ಟರು. ನಾನು ಕೋಣೆಯ ಮೂಲೆಯಲ್ಲಿ ತಕ್ಕಡಿಯ ಹತ್ತಿರ ಇದ್ದೆ, ಹಾಗಾಗಿ ಕೇಳಿಸಿಕೊಂಡೆ.

"ನಿನಗೆ ಈ ಮದುವೆ ಬೇಕೇನಪ್ಪಾ?" ಎಂದು ಕೇಳಿ ಮೇಡಂ ಸುಮ್ಮನಾದರು.

ಹುಡುಗ ಗೋಡೆಯ ಮೇಲಿನ ಸೊಪ್ಪಿನ ಚಿತ್ರ ನೋಡುತ್ತ ನಿಂತ. ಆಮೇಲೆ ಹೇಳಿದ, "ನನ್ನ ಯಾರ್ ಕೇಳವ್ರೆ ಮೇಡಮ್ಮೋರೆ? ಇವ್ಳು ಲಂಗ ಹಾಕ್ಕಂಡ್ ಓಡಾಡ್ತಿದ್ದಾಗಿಂದ ನೋಡಿವ್ನಿ. ಮಖ ಎಲ್ಲಾ ಅವ್ರಕ್ಕಂದೇ. ನೋಡ್ದಾಗೆಲ್ಲಾ ಅವ್ಳೇ ಗ್ಯಾಪ್ಕ ಬತ್ತಾಳೆ. ಎಂಗ್ ಸಂಸಾರ ಮಾಡಾದು?" ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಹೆಂಡತಿ ಸತ್ತು ಅಷ್ಟು ತಿಂಗಳಾದರೂ ಅವನನ್ನು ಅಳಲು ಯಾರೂ ಬಿಟ್ಟಿರಲಿಲ್ಲವೆಂದು ಕಾಣುತ್ತದೆ. ಗಂಡಸಲ್ಲವೇ, ಅವನಿಗೆ ಬೇರೆ ಹೆಣ್ಣು ತಂದರೆ ಸಾಕು ಎಂದುಕೊಂಡಿದ್ದರು.

ಅಪ್ಪ ವಾಪಸು ಬಂದಾಗ ಮೇಡಂ ತಮ್ಮ ಹಳೆಯ ಗಂಟಲಿಗೆ ಮರಳಿದ್ದರು. "ಹುಡುಗಂಗೂ ಬೇಡ, ಹುಡುಗೀಗೂ ಬೇಡ. ಬೇಕಾಗಿರೋದು ನಿಮಗೊಬ್ರಿಗೆ. ಹಾಗಿದ್ರೆ ನೀವೇ ಹಸೆಮಣೆ ಮೇಲೆ ಕೂತ್ಕೊಳಿ!" ಬಾಗಿಲ ಹಿಂದಿದ್ದ ಕಮಲ ಕಿಸಕ್ಕನೆ ನಕ್ಕಳು. ಅಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ನನ್ನ ಕೈಯಲ್ಲಿದ್ದ ಮಗುವನ್ನು ನೋಡಿದ.

"ಈ ಮಗೀನ್ ಗತಿ ಏನ್ರವ್ವಾ? ಇವ್ನ್ ಬ್ಯಾರೇಳ್ನ ತಂದ್ರೆ, ಮಲತಾಯಿ ಕೈಗೆ ಎಂಗ್ ಕೊಡ್ಲಿ? ಒಂದ್ನ ಮಣ್ಣಿಗ್ ಇಟ್ಟಿವ್ನಿ" ಅಂದ.

ಮೇಡಂ ತಣ್ಣಗಾದರು. ಸರೋಜಳನ್ನು ಒಳಗೆ ಕರೆದು, ಅಪ್ಪನಿಗೆ ನೀನೇ ಹೇಳು ಅಂದರು. ಅವಳು ಹೇಳಿದಳು. ಪರೀಕ್ಷೆ ಮುಗಿಯುವ ತನಕ ಮಗು ಅವ್ವನ ಹತ್ತಿರ ಇರಲಿ, ಆಮೇಲೆ ಕೆಲಸ ಸಿಕ್ಕಿದ ಕಡೆ ತಾನೇ ಸಾಕುತ್ತೇನೆ, ಅದಕ್ಕಾಗಿ ಭಾವನನ್ನು ಕಟ್ಟಿಕೊಳ್ಳುವುದು ಬೇಡ. ಅಪ್ಪ ಮಗುವನ್ನು ನನ್ನಿಂದ ಇಸಿದುಕೊಂಡು, ಮಗಳಿಗೆಂದು ತಂದ ನಿಪ್ಪಟ್ಟಿನ ಚೀಲವನ್ನು ಬೆಂಚಿನ ಮೇಲೆ ಬಿಟ್ಟು ಹೊರಟ. ಬಹಳ ದಿನ ಅವಳ ಜೊತೆ ಮಾತಾಡಲಿಲ್ಲವಂತೆ. ಮದುವೆಯ ಮಾತೂ ಎತ್ತಲಿಲ್ಲ.

ಸರೋಜ ಪರೀಕ್ಷೆ ಬರೆದು ಪಾಸಾದಳು. ಅಮೃತೂರಿನ ಹತ್ತಿರವೇ ಕೆಲಸ ಸಿಕ್ಕಿ ಮಗುವನ್ನು ಸಾಕಿಕೊಂಡಳು. ಆಮೇಲೆ ತಾನು ಮೆಚ್ಚಿದವನನ್ನೇ ಮದುವೆಯಾದಳು. ಅದೇನೂ ಅಷ್ಟು ಚೆನ್ನಾಗಿ ನಡೆಯಲಿಲ್ಲ. ಆದರೆ ಆ ತಪ್ಪು ಅವಳ ಸ್ವಂತದ್ದಾಗಿತ್ತು.

ಸಾಹೇಬರು ಬೆಂಗಳೂರು ತಲುಪಿದ ಮೇಲೆ ಏನು ಬರೆದರೋ ನಮಗೆ ಗೊತ್ತಿಲ್ಲ. ಹದಿಹರೆಯದ ಪಾಠ ಅಗತ್ಯವಿಲ್ಲ, ಆ ಸಮಯವನ್ನು ಕುಟುಂಬ ಯೋಜನೆಗೆ ಬಳಸಿ ಎಂದು ಆದೇಶ ಬಂತು. ಮೇಡಂಗೆ ಗುಬ್ಬಿ ಕಡೆಗೆ ವರ್ಗ, ಆಪರೇಷನ್ ಕ್ಯಾಂಪುಗಳ ಉಸ್ತುವಾರಿ. ನಿವೃತ್ತಿಯ ತನಕ ಅದನ್ನೇ ಮಾಡಿದರು, ಚೆನ್ನಾಗಿಯೇ ಮಾಡಿದರು. ವರ್ಷಗಟ್ಟಲೆ ಬೇಡಿ ಪಡೆದ ಪಾಠವನ್ನು ಒಂದು ನಿಮಿಷದಲ್ಲಿ ಕೈಯಾರೆ ಕಳೆದುಕೊಂಡ ಹೆಂಗಸು ಅವರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೊರಡುವುದಕ್ಕೆ ಇನ್ನೂ ಕೆಲವು ದಿನ ಇತ್ತು. ಆ ದಿನಗಳಲ್ಲಿ ಅವರು ಪಾಠ ಮಾಡಲಿಲ್ಲ. ನಮ್ಮನ್ನು ಒಬ್ಬೊಬ್ಬರಾಗಿ ತಮ್ಮ ಕೋಣೆಗೆ ಕರೆದರು. ಏನೋ ಬೈಗುಳ ಕಾದಿದೆ ಎಂದು ಹೆದರಿಕೊಂಡೇ ಹೋದೆವು. ಕಮಲ ಎಂದಿನಂತೆ ನಗುತ್ತ ಹೋಗಿ ಕಣ್ಣು ಕೆಂಪು ಮಾಡಿಕೊಂಡು ಬಂದಳು.

ನನ್ನ ಸರದಿ ಬಂತು. ಮೇಡಂ ಬಾಗಿಲು ಹಾಕಿ, ನನ್ನನ್ನು ತಮ್ಮ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಅಷ್ಟು ದಿನ ನಾವು ಅವರ ಮುಂದೆ ನಿಂತೇ ಅಭ್ಯಾಸ.

"ಇಷ್ಟು ದಿನದಿಂದ ನಿನ್ನ ನೋಡ್ತಿದೀನಿ. ನಿಂಗೇನ್ ಕಷ್ಟ ಅಂತ ಒಂದ್ ದಿನ ಕೇಳ್ಲಿಲ್ಲ. ಈಗ ಕೇಳ್ತಿದೀನಿ ಕಣೇ" ಅಂದರು.

"ಏನೂ ಇಲ್ಲ ಮೇಡಂ" ಅಂದೆ.

ಅವರು ನನ್ನನ್ನೇ ನೋಡುತ್ತ ಕೂತರು. ನಾನು ಎದ್ದು ಹೋಗಬಹುದಿತ್ತು, ಅವರು ತಡೆಯುತ್ತಿರಲಿಲ್ಲ. ಆದರೆ ನನಗೆ ಹದಿನೇಳು ತುಂಬುವ ತನಕ ಯಾರೂ ಹಾಗೆ ನನ್ನ ಮಾತಿಗಾಗಿ ಕಾದು ಕೂತಿರಲಿಲ್ಲ. ಆಮೇಲೆ ನಾನು ಮಾತಾಡಿದೆ.

ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೇಡಂ ಕೂಡ ಯಾರಿಗೂ ಹೇಳಲಿಲ್ಲ. ನನ್ನ ಮದುವೆಗೆ ಬಂದಿದ್ದರು, ನಮ್ಮಮ್ಮನ ಪಕ್ಕ ಕೂತು ಮಧ್ಯಾಹ್ನವೆಲ್ಲ ಹರಟಿದರು, ಅಮ್ಮನಿಗೆ ಸುಳಿವು ಕೂಡ ಸಿಗಲಿಲ್ಲ. ನಾನು ನಿವೃತ್ತಳಾದ ಮೇಲೂ ಎಷ್ಟೋ ಸಲ ಅವರ ಮನೆಗೆ ಹೋಗಿ ಕೂತು ಬಂದಿದ್ದೇನೆ, ಅವರಾಗಿ ಆ ಮಾತು ಎತ್ತಲಿಲ್ಲ. ಮೊನ್ನೆ ಅವರನ್ನು ಸುಟ್ಟು ಬಂದರು. ಅದನ್ನು ಬಲ್ಲವಳು ಈಗ ನಾನೊಬ್ಬಳೇ.